ಹೆಬ್ಬೆಟ್ಟಿಗೆ ಮುನ್ನ ಓದು



ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ ಕಾವೇರಿಯ ದಡದಲ್ಲಿದೆ. ಸುತ್ತಲಿನ ಕಾಡು 1987ರಲ್ಲಿ ವನ್ಯಜೀವಿಧಾಮವಾಯಿತು. ಇಂಥ ಕಾಡಂಚಿನಲ್ಲಿ ಅಕ್ಷರ ಬಾರದ ರೈತನಿಗೆ ನಷ್ಟ ಎರಡು ಬಾರಿ. ಆನೆ ರಾಗಿ ತುಳಿದುಹೋದ ಮೇಲೆ ಪರಿಹಾರದ ಅರ್ಜಿಯನ್ನು ಬೇರೆ ಯಾರೋ ತುಂಬುತ್ತಾರೆ. ಹೆಬ್ಬೆಟ್ಟು ಮಾತ್ರ ಅವನದು. ಸರ್ವೆ ನಂಬರು ತಪ್ಪಿದ್ದರೂ ಅವನಿಗೆ ತಿಳಿಯದು.

ವಯಸ್ಕರ ತರಗತಿ ಆ ಅರ್ಜಿಯಿಂದಲೇ ಆರಂಭವಾಗಬೇಕು. ಬ್ರೆಜಿಲ್ಲಿನ ಪಾವ್ಲೊ ಫ್ರೇರೆ 1963ರಲ್ಲಿ ಆಂಜಿಕೋಸ್ ಎಂಬಲ್ಲಿ ಸುಮಾರು 300 ಶ್ರಮಿಕರಿಗೆ 40 ಗಂಟೆಗಳ ಪಾಠದಲ್ಲಿ ಓದು ಕಲಿಸಲು ಹೊರಟದ್ದು ಅವರ ಬಾಯಲ್ಲಿದ್ದ ಪದಗಳಿಂದ. ನಮ್ಮಲ್ಲಿ 'ರಾಗಿ' ಸಾಕು. ರ, ರಾ, ರಿ. ಗ, ಗಾ, ಗಿ ಎಂದು ಬಿಡಿಸಿದರೆ 'ಗರಿ', 'ಗಿರಿ', 'ರಾಗ' ಎಂಬ ಪದಗಳನ್ನು ಕಲಿಯುವವರೇ ಕಟ್ಟುತ್ತಾರೆ. ಇಡೀ ಕಾಗುಣಿತವನ್ನು ಉರು ಹೊಡೆಸುವುದು ಮಕ್ಕಳಿಗೂ ಬೇಸರ, ಹಿರಿಯರಿಗಂತೂ ಅವಮಾನ. ಒತ್ತಕ್ಷರ ತಡವಾಗಿ ಬರಲಿ. ಆದರೆ ಊರಿನ ಹೆಸರಲ್ಲೇ ಎರಡು ಒತ್ತುಗಳಿರುವಾಗ ಬಹುಕಾಲ ಮುಂದೂಡಲಾಗದು!

ಗುಂಪು ಹತ್ತು ಮಂದಿಯನ್ನು ಮೀರದಿರಲಿ. ಎಲ್ಲರೂ ವೃತ್ತವಾಗಿ ಕೂರಲಿ, ಬೋಧಕನೂ ನೆಲದ ಮೇಲೆಯೇ. ಯಾರನ್ನೂ ಒಬ್ಬರೇ ಎದ್ದು ಓದುವಂತೆ ಒತ್ತಾಯಿಸಬಾರದು. ಇಬ್ಬಿಬ್ಬರು ಜೊತೆಯಾಗಿ ಓದಲಿ. 'ಅಕ್ಕ', 'ಅಣ್ಣ', 'ಅಮ್ಮ' ಎಂದೇ ಕರೆಯಬೇಕು. ನಲವತ್ತು ದಾಟಿದವರು ತಡವರಿಸಿದರೆ ಮೊದಲು ಕಣ್ಣು ಪರೀಕ್ಷೆ ಮಾಡಿಸಬೇಕು. ಕನ್ನಡಕವಿಲ್ಲದ್ದನ್ನು ದಡ್ಡತನವೆಂದು ತಿಳಿದು ಬಿಟ್ಟುಹೋದವರು ಕಡಿಮೆಯಿಲ್ಲ. ಕಾಡುದಾರಿಯಲ್ಲಿ ಮನೆಗೆ ಹೋಗುವವರಿರುವುದರಿಂದ ಕತ್ತಲಾಗುವ ಮೊದಲೇ ಪಾಠ ಮುಗಿಯಬೇಕು.

ಕೊನೆಯ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಬೇಡ. ಖಾಲಿ ಅರ್ಜಿ ನಮೂನೆಯೊಂದನ್ನು ಕೈಗಿತ್ತು, ಹೆಸರು, ಊರು, ಸರ್ವೆ ನಂಬರು ಅವರೇ ಬರೆಯುವವರೆಗೆ ಬೋಧಕ ಸುಮ್ಮನೆ ಕಾಯಲಿ.