ಗೆಣ್ಣಿನ ಊತ, ಎದೆಯ ಅಪಾಯ

ಹಿರಿಯೂರಿನಿಂದ ಬರಲಿ, ಹೊಸದುರ್ಗದಿಂದ ಬರಲಿ, ಪತ್ರಗಳಲ್ಲಿ ಅಳುಕು ಒಂದೇ: "ಡಾಕ್ಟ್ರೇ, ರುಮಟಾಯ್ಡ್ ಸಂಧಿವಾತಕ್ಕೆ ವರ್ಷಗಟ್ಟಲೆ ಮಾತ್ರೆ ನುಂಗಿದರೆ ಹಾರ್ಟಿಗೆ ಪೆಟ್ಟಂತೆ, ಬಿಟ್ಟುಬಿಡಲೇ?"

ಬಿಡಬೇಡಿ. ಹೃದಯಕ್ಕೆ ದೊಡ್ಡ ಪೆಟ್ಟು ಕೊಡುವುದು ಹತೋಟಿ ತಪ್ಪಿದ ಕಾಯಿಲೆಯೇ. ನಿಮ್ಮ ವಯಸ್ಸು, ಬಿಪಿ, ಕೊಲೆಸ್ಟ್ರಾಲ್ ನೋಡಿ ಲೆಕ್ಕಹಾಕಿದ ಅಪಾಯವನ್ನು ಈ ರೋಗ ಇದ್ದರೆ 1.5ರಿಂದ ಗುಣಿಸಿ ಎನ್ನುತ್ತದೆ ಯುರೋಪಿನ ತಜ್ಞರ ಸಂಘ ಯೂಲಾರ್.

ಯಾಕೆ? ಬೆರಳ ಗೆಣ್ಣನ್ನು ಊದಿಸುವ ಉರಿಯೂತ ಗೆಣ್ಣಿನಲ್ಲೇ ನಿಲ್ಲುವುದಿಲ್ಲ. ಟಿಎನ್‌ಎಫ್, ಐಎಲ್-6 ಎಂಬ ವಸ್ತುಗಳು ರಕ್ತದಲ್ಲಿ ಹರಿದು ಹೃದಯದ ರಕ್ತನಾಳದ ಒಳಪದರವನ್ನು ಕೆರಳಿಸುತ್ತವೆ. ಅಲ್ಲಿ ಕೊಬ್ಬು ಕೂರುತ್ತದೆ. ಅದರ ಮೇಲಿನ ಪೊರೆ ತೆಳುವಾಗಿ ಒಡೆದರೆ ರಕ್ತ ಹೆಪ್ಪುಗಟ್ಟುತ್ತದೆ, ಹೃದಯಾಘಾತ ಆಗುತ್ತದೆ. ಇನ್ನೊಮ್ಮೆ ಹೇಳುತ್ತೇನೆ: ಗೆಣ್ಣು ಊದಿರುವಷ್ಟು ದಿನ ರಕ್ತನಾಳಕ್ಕೂ ನೆಮ್ಮದಿಯಿಲ್ಲ. ಬೂದಿ ಮುಚ್ಚಿದ ಕೆಂಡ ಅದು. ಉರಿಯೂತ ಜೋರಾಗಿರುವಾಗ ಕೊಲೆಸ್ಟ್ರಾಲ್ ಕಡಿಮೆಯೇ ಕಾಣಬಹುದು. "ರಿಪೋರ್ಟ್ ನಾರ್ಮಲ್" ಎಂದು ಮೈಮರೆಯಬೇಡಿ.

ರೋಗವನ್ನು ಹತೋಟಿಗೆ ತರುವುದು ಮೆಥೊಟ್ರೆಕ್ಸೇಟ್‌ನಂಥ ಔಷಧ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ನೋವಿನ ಮಾತ್ರೆ ನೋವು ಮರೆಸುತ್ತದೆ, ರೋಗದ ಓಟ ತಡೆಯುವುದಿಲ್ಲ. ಡೈಕ್ಲೊಫೆನಾಕ್ ಎಂಬ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೃದಯಕ್ಕೂ ಕಿಡ್ನಿಗೂ ಕೇಡು.

ಹೊಳಲ್ಕೆರೆ ಕಡೆಯ ಒಬ್ಬ ಹೆಣ್ಣುಮಗಳು ಹೆದರಿ ಮಾತ್ರೆ ಬಿಟ್ಟು, ಹೆಸರಿಲ್ಲದ ಪೊಟ್ಟಣದ ಪುಡಿ ತಿಂದು ಬಂದಿದ್ದರು. ನೋವು ಮಾಯ. ಆದರೆ ಮುಖ ಊದಿತ್ತು, ಬಿಪಿ, ಸಕ್ಕರೆ ಎರಡೂ ಏರಿದ್ದವು. ಇಂಥ ಪುಡಿಗಳಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಬೆರೆತಿರುತ್ತದೆ. "ಗಿಡಮೂಲಿಕೆ, ಏನೂ ಆಗಲ್ಲ" ಎಂಬ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹೆಸರು ಬರೆಯದ ಪುಡಿ ಮುಟ್ಟಬೇಡಿ.

ನಮ್ಮ ಜಿಲ್ಲೆಯಲ್ಲಿ ಎಲ್ಲ ಕೀಲುನೋವನ್ನೂ ಬೋರ್‌ವೆಲ್ ನೀರಿನ ತಲೆಗೆ ಕಟ್ಟುವುದೂ ಇದೆ. ಆ ನೀರಿನ ಫ್ಲೋರೈಡ್ ತೊಂದರೆ ಇಲ್ಲಿ ನಿಜ. ಹಾಗೆಂದು ಎರಡೂ ಕೈಯ ಗೆಣ್ಣು ಊದಿ, ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ ನೀರನ್ನು ದೂರುತ್ತ ಕೂರಬೇಡಿ, ಪರೀಕ್ಷೆ ಮಾಡಿಸಿ.

ಹೊತ್ತಾಯಿತು, ಉಳಿದದ್ದು ಬೇಗ ಹೇಳುತ್ತೇನೆ. ಬೀಡಿ, ತಂಬಾಕು ಬಿಡಿ. ಬಿಪಿ, ಸಕ್ಕರೆ ನೋಡಿಸಿಕೊಳ್ಳಿ. ರೋಗ ಹತೋಟಿಗೆ ಬಂದ ಮೇಲೆ ಕೊಲೆಸ್ಟ್ರಾಲ್ ಮತ್ತೆ ನೋಡಿಸಿ. ಎದೆ ಭಾರ, ಏದುಸಿರು, ತಣ್ಣನೆ ಬೆವರು ಬಂದರೆ ವಾಯು ಎಂದು ಮಲಗಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಹೋದ ಕೂಡಲೇ ನಿಮಗೆ ಸಂಧಿವಾತ ಇದೆ ಎಂಬುದನ್ನೂ ಹೇಳಿ.