ಹಾಯಿದೋಣಿಯ ಕಡೆಗೀಲು



ಎತ್ತಿನ ಗಾಡಿಯ ಗಾಲಿ ಎಷ್ಟೇ ಗಟ್ಟಿಯಾಗಿರಲಿ, ಅಚ್ಚಿನ ತುದಿಯ ಕಡೆಗೀಲು ಬಿದ್ದುಹೋದರೆ ಗಾಲಿ ಕಳಚುತ್ತದೆ, ಗಾಡಿ ಮಗುಚುತ್ತದೆ. ಹಾಯಿದೋಣಿಗೂ ಅಂಥ ಕಡೆಗೀಲುಗಳುಂಟು. ಅವು ಕೆಲವೇ ರೂಪಾಯಿಗಳ ವಸ್ತುಗಳು. ಆದರೆ ದೋಣಿಯಲ್ಲಿ ಕುಳಿತವರ ಪ್ರಾಣ ಅವುಗಳನ್ನು ಅವಲಂಬಿಸಿರುತ್ತದೆ.

ಬಹುತೇಕ ದೋಣಿಗಳಲ್ಲಿ ಹಾಯಿಕಂಬವನ್ನು ನೆಟ್ಟಗೆ ನಿಲ್ಲಿಸುವುದು ಅದರ ಬುಡವಲ್ಲ, ಅದನ್ನು ಸುತ್ತಲಿಂದ ಬಿಗಿದು ಹಿಡಿದ ಉಕ್ಕಿನ ತಂತಿಹಗ್ಗಗಳು. ದೊಡ್ಡ ದೋಣಿಗಳಲ್ಲಿ ಹಗ್ಗದ ಕೆಳತುದಿಗೆ ಬಿಗಿತವನ್ನು ಹೆಚ್ಚು ಕಡಿಮೆ ಮಾಡುವ ಟರ್ನ್‌ಬಕಲ್ ಎಂಬ ತಿರುಪು ಇರುತ್ತದೆ. ಆ ತಿರುಪನ್ನು ದೋಣಿಯ ಒಡಲಿಗೆ ಬಂಧಿಸಿದ ಲೋಹದ ಪಟ್ಟಿಗೆ ಸೇರಿಸುವುದು ಒಂದು ಗುಂಡು ಕೀಲು. ಕೀಲಿನ ಒಂದು ತುದಿಯಲ್ಲಿ ತಲೆ, ಇನ್ನೊಂದು ತುದಿಯಲ್ಲಿ ಸಣ್ಣ ರಂಧ್ರ. ಆ ರಂಧ್ರದೊಳಗೆ ಎರಡು ಕಾಲಿನ ಸ್ಪ್ಲಿಟ್ ಪಿನ್ ತೂರಿರುತ್ತದೆ. ಈ ಪಿನ್ನು ಭಾರ ಹೊರುವುದಿಲ್ಲ. ಭಾರ ಹೊರುವ ಕೀಲು ಜಾರದಂತೆ ಕಾಯುವುದಷ್ಟೇ ಅದರ ಕಾರ್ಯ.

ದೋಣಿ ಗಾಳಿಗೆ ವಾಲಿದಾಗ ಗಾಳಿ ಬೀಸುವ ಬದಿಯ ಹಗ್ಗ ಬಿಗಿಯುತ್ತದೆ, ಎದುರು ಬದಿಯದು ಸಡಿಲಗೊಂಡು ಅಲುಗುತ್ತದೆ. ಅಲುಗಿದಂತೆಲ್ಲ ತಿರುಪು ತಾನೇ ಬಿಚ್ಚಿಕೊಳ್ಳಬಹುದು. ಕಾವಲಿಲ್ಲದ ಕೀಲು ಅಂಗುಲ ಅಂಗುಲವಾಗಿ ಹೊರಬರಬಹುದು. ಸಡಿಲವಿದ್ದಷ್ಟು ಹೊತ್ತು ಅಪಾಯ ಕಾಣಿಸದು. ದೋಣಿ ದಿಕ್ಕು ಬದಲಿಸಿ, ಭಾರ ಆ ಬದಿಗೆ ಬಂದ ಕ್ಷಣವೇ ಕಂಬ ಉರುಳುತ್ತದೆ.

ಕಂಬ ಮುರಿದರೆ ಒದಗುವ ಸ್ಥಿತಿಯನ್ನು 2018ರ ಸೆಪ್ಟೆಂಬರಿನಲ್ಲಿ ದೇಶವೇ ಕಂಡಿತು. ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಅವರು ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಏಕಾಂಗಿಯಾಗಿ ಸಾಗುತ್ತಿದ್ದಾಗ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಅವರ 'ತುರಿಯಾ' ದೋಣಿಯ ಕಂಬ ಮುರಿಯಿತು. ಬೆನ್ನಿಗೆ ತೀವ್ರ ಪೆಟ್ಟಾಗಿ ಮೇಲೇಳಲಾಗದೆ ಮಲಗಿದ್ದ ಅವರನ್ನು ಮೂರು ದಿನಗಳ ತರುವಾಯ ಫ್ರಾನ್ಸಿನ 'ಒಸಿರಿಸ್' ಹಡಗು ರಕ್ಷಿಸಿತು. ಅಲ್ಲಿ ಕಾರಣ ಬಿರುಗಾಳಿ, ಕೀಲಲ್ಲ. ಬಿರುಗಾಳಿಯನ್ನು ತಡೆಯುವುದು ಮನುಷ್ಯನ ಕೈಯಲ್ಲಿಲ್ಲ. ಕೀಲನ್ನು ಕಾಯುವುದು ಸಂಪೂರ್ಣವಾಗಿ ಅವನ ಕೈಯಲ್ಲೇ ಇದೆ.

ಸ್ಪ್ಲಿಟ್ ಪಿನ್ನು ರಂಧ್ರವನ್ನು ತುಂಬುವಷ್ಟು ದಪ್ಪವಿರಬೇಕು. ಕಾಲುಗಳ ಉದ್ದ ಕೀಲಿನ ವ್ಯಾಸದ ಸುಮಾರು ಒಂದೂವರೆ ಪಟ್ಟಿದ್ದರೆ ಸಾಕು. ಕತ್ತರಿಸಿದ ತುದಿಯನ್ನು ಅರದಿಂದ ಉಜ್ಜಿ ನಯಗೊಳಿಸಬೇಕು, ಇಲ್ಲವಾದರೆ ಅದು ಹಾಯಿಯನ್ನೂ ಕೈಕಾಲುಗಳನ್ನೂ ಸೀಳುತ್ತದೆ. ಕಾಲುಗಳನ್ನು ತುಸುವೇ ಅಗಲಿಸಬೇಕು. ಪೂರ್ತಿ ಮಡಚಿ ಸುತ್ತಿದರೆ ಹೆಚ್ಚು ಭದ್ರವೆಂಬುದು ತಪ್ಪು ಕಲ್ಪನೆ. ಮುರಿದ ಕಂಬವನ್ನು ತುರ್ತಾಗಿ ಬಿಡಿಸಬೇಕಾದಾಗ ಅಂಥ ಪಿನ್ನು ಹೊರಬರುವುದಿಲ್ಲ. ಒಮ್ಮೆ ಬಗ್ಗಿಸಿ ನೆಟ್ಟಗೆ ಮಾಡಿದ ಪಿನ್ನು ದಣಿದಿರುತ್ತದೆ, ಅದನ್ನು ಮರುಬಳಕೆ ಮಾಡಬಾರದು.

ಬೀಗದಕೈ ಗೊಂಚಲಿನ ಬಳೆಯಂಥ ಸುರುಳಿ ಉಂಗುರವನ್ನು ಕೆಲವರು ಪಿನ್ನಿಗೆ ಬದಲಾಗಿ ಬಳಸುತ್ತಾರೆ. ಹಗ್ಗ ಉಜ್ಜುವೆಡೆಯಲ್ಲಿ ಅದು ಸಿಕ್ಕಿಕೊಂಡು ಬಿಚ್ಚಿಹೋಗುವುದರಿಂದ ಅಂಥ ಸ್ಥಳಕ್ಕೆ ಪಿನ್ನೇ ತಕ್ಕುದು. ಟರ್ನ್‌ಬಕಲಿನ ಎರಡೂ ತಿರುಪುಗಳಿಗೆ ಪ್ರತ್ಯೇಕ ಪಿನ್ ಬೇಕು, ನಟ್ಟನ್ನು ಮಾತ್ರ ನಂಬುವುದು ಸಲ್ಲದು. ಶ್ಯಾಕಲ್ ಎಂಬ ಕೊಂಡಿಯ ತಿರುಪುಕೀಲಿಗೆ ತಲೆಯ ಕಣ್ಣಿನ ಮೂಲಕ ತೆಳುತಂತಿಯನ್ನು ಹಾಯಿಸಿ, ಕೊಂಡಿಯ ತೋಳಿಗೆ ಬಿಗಿಯಾಗಿ ಸುತ್ತಬೇಕು.

ಚೂಪು ತುದಿಗಳ ಮೇಲೆ ಟೇಪು ಸುತ್ತುವ ರೂಢಿ ಒಳ್ಳೆಯದೇ. ಆದರೆ ಗಾಳಿಯಾಡದಂತೆ ಇಡೀ ಜೋಡಣೆಯನ್ನು ಮುಚ್ಚಬಾರದು. ಒಳಗೆ ನಿಂತ ಉಪ್ಪುನೀರು, ಆಮ್ಲಜನಕದ ಕೊರತೆಯಿಂದಾಗಿ, ತುಕ್ಕು ಹಿಡಿಯದೆಂದು ಹೆಸರಾದ ಸ್ಟೇನ್‌ಲೆಸ್ ಉಕ್ಕನ್ನೂ ತಿನ್ನುತ್ತದೆ. ಮುಚ್ಚಿದ್ದನ್ನು ಕಣ್ಣು ನೋಡಲಾರದೆಂಬುದೂ ನೆನಪಿರಲಿ.

ಮುಂಬಯಿ ಬಂದರಿನಲ್ಲಿ, ಹೈದರಾಬಾದಿನ ಹುಸೇನ್ ಸಾಗರದಲ್ಲಿ ಮಕ್ಕಳು ಹಾಯಿ ನಡೆಸಲು ಕಲಿಯುತ್ತಾರೆ. ಪುಟ್ಟ ಆಪ್ಟಿಮಿಸ್ಟ್ ದೋಣಿಯ ಕಂಬಕ್ಕೆ ತಂತಿಹಗ್ಗಗಳಿಲ್ಲ. ಬೆಳೆದಂತೆ ಅವರು ಏರುವ 420 ದರ್ಜೆಯ ದೋಣಿಗೆ ಉಂಟು. ನೀರಿಗಿಳಿಯುವ ಮುನ್ನ ದೋಣಿಯನ್ನು ಒಂದು ಸುತ್ತು ಬಂದು, ಪ್ರತಿಯೊಂದು ಕೀಲನ್ನೂ ಬೆರಳಿನಿಂದ ಮುಟ್ಟಿ ನೋಡುವ ಅಭ್ಯಾಸವನ್ನು ಅವರಿಗೆ ಮೊದಲ ದಿನದಿಂದಲೇ ಕಲಿಸಬೇಕು. ಬಿಡಿ ಪಿನ್ನುಗಳು, ಇಕ್ಕಳ ಮತ್ತು ಟೇಪು ಇರುವ ಚಿಕ್ಕ ಡಬ್ಬಿ ಸದಾ ಬಳಿಯಿರಬೇಕು. ಮರಳಿದ ಮೇಲೆ ಸಿಹಿನೀರಿನಿಂದ ತೊಳೆಯಬೇಕು.

ಇಷ್ಟಾದರೂ ನಡುನೀರಿನಲ್ಲಿ ಗಾಳಿಬದಿಯ ಹಗ್ಗ ಕಳಚಿತೆನ್ನೋಣ. ಕಂಬ ಇನ್ನೂ ನಿಂತಿದ್ದರೆ ದೋಣಿಯನ್ನು ಒಡನೆಯೇ ತಿರುಗಿಸಿ ಗಾಳಿಯನ್ನು ಎದುರು ಬದಿಗೆ ತರಬೇಕು. ಭಾರವು ಗಟ್ಟಿಯಿರುವ ಹಗ್ಗಕ್ಕೆ ವರ್ಗವಾಗುತ್ತದೆ. ಬಳಿಕ ಹಾಯಿ ಇಳಿಸಿ, ಕಳಚಿದ ಕಡೆ ಬೇರೊಂದು ಹಗ್ಗದಿಂದ ಕಟ್ಟಬೇಕು.

ಗಾಡಿ ಹೂಡುವ ರೈತ ಹೊರಡುವ ಮುನ್ನ ಕಡೆಗೀಲನ್ನು ಒಮ್ಮೆ ತಟ್ಟಿ ನೋಡುತ್ತಿದ್ದ. ಅದಕ್ಕೆ ಅರೆನಿಮಿಷವೂ ಹಿಡಿಯುತ್ತಿರಲಿಲ್ಲ. ಹಾಯಿ ಏರಿಸುವ ಕೈ ಬಯಸುವುದೂ ಅಷ್ಟೇ ಎಚ್ಚರವನ್ನು.