ಅಂಬಾರಿಗೆ ಮೊದಲು ಮರಳಿನ ಮೂಟೆ
(ಸಕಲ ಸಂತರ ಮಹೋತ್ಸವದ ಪ್ರಬೋಧನೆ)



ಇಂದು ನವೆಂಬರ್ 1. ಹೊರಗೆ ಬೀದಿಯಲ್ಲಿ ಕನ್ನಡದ ಬಾವುಟ ಹಾರುತ್ತಿದೆ. ಒಳಗೆ ನಾವು ಸಕಲ ಸಂತರ ಮಹೋತ್ಸವವನ್ನು ಆಚರಿಸುತ್ತಿದ್ದೇವೆ. ಹೆಸರು ಗೊತ್ತಿರುವ ಸಂತರಿಗೆ ಕ್ಯಾಲೆಂಡರಿನಲ್ಲಿ ಒಂದೊಂದು ದಿನವಿದೆ. ಹೆಸರು ಗೊತ್ತಿಲ್ಲದ, ಯಾವ ದೇವಾಲಯದಲ್ಲೂ ಸ್ವರೂಪವಿಲ್ಲದ ಅಸಂಖ್ಯಾತ ಸಂತರಿಗೆ ಈ ಒಂದು ದಿನ. ನಮಗೆ ಶಿಲುಬೆಯ ಗುರುತು ಹಾಕಲು ಕಲಿಸಿದ ಅಜ್ಜಿಯೂ ಅವರೊಳಗೆ ಇರಬಹುದು.

ಕೆಲವು ವರ್ಷಗಳ ಹಿಂದೆ, ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಇದೇ ಹಬ್ಬದ ಬಲಿಪೂಜೆ ಮುಗಿಸಿ ಹೊರಬರುತ್ತಿದ್ದೆ. ಹಿರಿಯರೊಬ್ಬರು ಬಾಗಿಲಲ್ಲಿ ನಿಲ್ಲಿಸಿ ಕೇಳಿದರು: "ಫಾದರ್, ಸ್ವರ್ಗದಲ್ಲಿ ಎಲ್ಲರೂ ಒಟ್ಟಿಗೆ ಇರ್ತಾರೆ ಅಂದ್ರಿ. ಹಾಗಾದ್ರೆ ನಮ್ಮಣ್ಣನೂ ಅಲ್ಲೇ ಇರ್ತಾನಾ?" ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಒಂದು ಸೈಟಿನ ವಿಷಯದಲ್ಲಿ ಅಣ್ಣತಮ್ಮಂದಿರಿಗೆ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಮೃತರ ಸ್ಮರಣೆಯ ದಿನ ತಂದೆಯ ಸಮಾಧಿಗೆ ಅಣ್ಣ ಬೆಳಿಗ್ಗೆ ಬಂದರೆ, ಎದುರಾಗಬಾರದೆಂದು ತಮ್ಮ ಸಂಜೆ ಬರುತ್ತಿದ್ದರು.

ನಕ್ಕದ್ದು ನನ್ನ ತಪ್ಪು. ಅವರು ಸ್ವರ್ಗವನ್ನು ನಮ್ಮೆಲ್ಲರಿಗಿಂತ ಗಂಭೀರವಾಗಿ ತೆಗೆದುಕೊಂಡಿದ್ದರು. ಇಂದಿನ ಮೊದಲನೆಯ ವಾಚನದಲ್ಲಿ ಸಂತ ಯೊವಾನ್ನರು ಸಕಲ ಜನಾಂಗಗಳಿಂದ ಬಂದು ಸಿಂಹಾಸನದ ಮುಂದೆ ನಿಂತ ಮಹಾಸಮೂಹವನ್ನು ಕಾಣುತ್ತಾರೆ. ಅಲ್ಲಿ ಯಾರೂ ತಮ್ಮ ಪಕ್ಕದವರನ್ನು ತಾವೇ ಆರಿಸಿಕೊಂಡವರಲ್ಲ. ಇಲ್ಲಿ ಯಾರೊಂದಿಗೆ ನಿಲ್ಲಲು ನಾವು ಒಪ್ಪುವುದಿಲ್ಲವೋ, ಅವರೊಂದಿಗೆ ಅಲ್ಲಿ ನಿತ್ಯಕ್ಕೂ ಹೇಗೆ ನಿಲ್ಲುತ್ತೇವೆ?

ಎರಡನೆಯ ವಾಚನ ಇದಕ್ಕೆ ದಾರಿ ತೋರಿಸುತ್ತದೆ. ದೇವರನ್ನು ಕಣ್ಣಾರೆ ಕಾಣುವ ಭರವಸೆ ಯಾರಲ್ಲಿದೆಯೋ ಅವರು ತಮ್ಮನ್ನು ಶುದ್ಧೀಕರಿಸಿಕೊಳ್ಳುತ್ತಾರೆ ಎನ್ನುತ್ತದೆ ಆ ಪತ್ರ. ಅಂದರೆ ಭರವಸೆ ಎಂಬುದು ಲಾಟರಿ ಟಿಕೆಟ್ ಕೊಂಡು ಕಾದು ಕೂರುವುದಲ್ಲ. ಸ್ವರ್ಗವನ್ನು ನಿಜವಾಗಿ ನಿರೀಕ್ಷಿಸುವವರು ಇಂದೇ ಅದಕ್ಕೆ ಸಿದ್ಧತೆ ನಡೆಸುತ್ತಾರೆ.

ಪ್ರಿಯರೇ, ಸಿದ್ಧತೆ ಎಂದರೇನು ಎಂಬುದನ್ನು ಬನ್ನಿಮಂಟಪದವರಾದ ನಮಗೆ ವಿವರಿಸಬೇಕಾಗಿಲ್ಲ. ದಸರಾ ಜಂಬೂ ಸವಾರಿ ಅರಮನೆಯಿಂದ ಹೊರಟು ಸುಮಾರು 5 ಕಿಲೋಮೀಟರ್ ನಡೆದು ಬಂದು ಸೇರುವುದು ನಮ್ಮಲ್ಲಿಗೇ. ಆನೆ ಹೊರುವ ಚಿನ್ನದ ಅಂಬಾರಿಯ ತೂಕ 750 ಕಿಲೋ. ಅದನ್ನು ವಿಜಯದಶಮಿಯ ದಿನ ಏಕಾಏಕಿ ಆನೆಯ ಬೆನ್ನಿಗೆ ಏರಿಸುತ್ತಾರೆಯೇ? ಇಲ್ಲ. ವಾರಗಟ್ಟಲೆ ಮೊದಲೇ ಆನೆಗಳು ಇದೇ ರಸ್ತೆಯಲ್ಲಿ ನಡೆಯುತ್ತವೆ. ಮೊದಲು ಬರಿಯ ನಡಿಗೆ. ಆಮೇಲೆ ಮರಳಿನ ಮೂಟೆ. ಭಾರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿ, ಕಡೆಗೆ ಮರದ ಅಂಬಾರಿ. ಬೆದರಬಾರದೆಂದು ಕುಶಾಲತೋಪಿನ ಸದ್ದನ್ನೂ ಅಭ್ಯಾಸ ಮಾಡಿಸುತ್ತಾರೆ.

ಧರ್ಮಸಭೆ ಸದ್ಗುಣ ಎಂದು ಕರೆಯುವುದು ಇದನ್ನೇ. ಒಂದು ದಿನ ಮಾಡಿದ ಒಳ್ಳೆಯ ಕೆಲಸ ಸದ್ಗುಣವಲ್ಲ. ಒಳ್ಳೆಯದನ್ನು ಮಾಡುವುದು ಅಭ್ಯಾಸವಾಗಿ ನೆಲೆನಿಂತರೆ ಸದ್ಗುಣ. ವಿವೇಕ, ನ್ಯಾಯ, ಧೈರ್ಯ, ಸಂಯಮ - ಇವು ಪ್ರತಿದಿನ ಹೊತ್ತು ಹೊತ್ತು ಬಲಗೊಳ್ಳುತ್ತವೆ. ತೂಕದಲ್ಲಿ ಮೋಸ ಮಾಡದಿರುವುದು ಒಂದು ಮೂಟೆ. ಸಂಬಳದ ದಿನ ನೇರವಾಗಿ ಮನೆಗೆ ಬರುವುದು ಒಂದು ಮೂಟೆ. ಸೊಸೆಯ ಬಗ್ಗೆ ಪಕ್ಕದ ಮನೆಯಲ್ಲಿ ಮಾತಾಡದಿರುವುದು, ಅತ್ತೆಯ ಬಗ್ಗೆ ತವರಿನಲ್ಲಿ ಮಾತಾಡದಿರುವುದು, ಇವು ದೊಡ್ಡ ಮೂಟೆಗಳು!

ಆದರೆ ಆನೆ ಒಂಟಿಯಾಗಿ ನಡೆಯುವುದಿಲ್ಲ. ಮಾವುತನಿರುತ್ತಾನೆ, ಕಾವಾಡಿ ಇರುತ್ತಾನೆ. ನಾವೂ ಸ್ವಂತ ಬಲದಿಂದ ಸ್ವರ್ಗ ಸಂಪಾದಿಸುವವರಲ್ಲ. ವಿಶ್ವಾಸ, ಭರವಸೆ, ಪ್ರೀತಿಗಳು ದೀಕ್ಷಾಸ್ನಾನದಲ್ಲಿ ದೇವರು ಕೊಟ್ಟ ವರಗಳು. ಪಾಪನಿವೇದನೆಯಲ್ಲಿ ಎದ್ದು, ಪರಮಪ್ರಸಾದದಿಂದ ಪೋಷಿತರಾಗಿ, ಪವಿತ್ರಾತ್ಮರ ಮಾತು ಕೇಳುತ್ತಾ ನಡೆಯುವವರು ನಾವು.

ಇನ್ನೊಂದು ಮಾತು. ಕೊರೋನಾದ ಕಾರಣ 2020 ಮತ್ತು 2021ರಲ್ಲಿ ಮೆರವಣಿಗೆ ಅರಮನೆಯ ಆವರಣದೊಳಗೇ ಮುಗಿಯಿತು. ರಸ್ತೆಯ ಇಕ್ಕೆಲದ ಜನಸಾಗರ ಇರಲಿಲ್ಲ. ಆದರೂ ಅಭಿಮನ್ಯು ಹೊತ್ತದ್ದು ಅದೇ ಅಂಬಾರಿಯನ್ನು. ನೋಡುವವರಿಲ್ಲವೆಂದು ಭಾರ ಕಡಿಮೆಯಾಗುವುದಿಲ್ಲ. ಮಲಗಿದ ಗಂಡನನ್ನು ವರ್ಷಗಟ್ಟಲೆ ನೋಡಿಕೊಳ್ಳುವ ತಾಯಂದಿರು ನಮ್ಮ ನಡುವೆ ಇದ್ದಾರೆ. ಅವರಿಗೆ ಚಪ್ಪಾಳೆಯಿಲ್ಲ. ತಂದೆಯಾದ ದೇವರು ಮಾತ್ರ ನೋಡುತ್ತಾರೆ. ಅವರ ನೋಟ ಸಾಕು.

"ಸಂತರಾಗುವುದು ಫಾದರ್‌ಗಳಿಗೆ, ಸಿಸ್ಟರ್‌ಗಳಿಗೆ, ಸಂಸಾರಸ್ಥರಾದ ನಮಗೇಕೆ?" ಎನ್ನಬೇಡಿ. ಪಾವಿತ್ರ್ಯದ ಕರೆ ಎಲ್ಲರಿಗೂ ಎಂದು 1964ರಲ್ಲೇ ಎರಡನೆಯ ವ್ಯಾಟಿಕನ್ ಮಹಾಸಭೆ ಸಾರಿತು. 2022ರ ಮೇ 15ರಂದು ಜಗದ್ಗುರು ಫ್ರಾನ್ಸಿಸ್ ಅವರು ಸಂತ ಪದವಿಗೇರಿಸಿದ ದೇವಸಹಾಯಂ ಗುರುವಲ್ಲ, ಸನ್ಯಾಸಿಯಲ್ಲ. ತಿರುವಾಂಕೂರಿನ ಅರಸರ ಸೇವೆಯಲ್ಲಿದ್ದ ಗೃಹಸ್ಥ. 1745ರಲ್ಲಿ ದೀಕ್ಷಾಸ್ನಾನ ಪಡೆದು, ಬಂಧನ ಮತ್ತು ಹಿಂಸೆಯನ್ನು ಸುಮಾರು ಮೂರು ವರ್ಷ ಸಹಿಸಿ, 1752ರಲ್ಲಿ ರಕ್ತಸಾಕ್ಷಿಯಾದರು. ಗುಂಡಿಗೆ ಎದೆಯೊಡ್ಡಿದ್ದು ಕಡೆಯ ದಿನ. ಅದಕ್ಕೂ ಮೊದಲು ಪ್ರತಿ ಬೆಳಿಗ್ಗೆ "ಇಂದೂ ಬಿಟ್ಟುಕೊಡುವುದಿಲ್ಲ" ಎಂದು ಏಳಬೇಕಾದ ದಿನಗಳು ಎಷ್ಟೋ!

ಆ ಹಿರಿಯರ ಕಥೆಗೆ ಬರೋಣ. "ಅಣ್ಣನ ಮನೆಗೆ ಹೋಗಿ ಕ್ಷಮೆ ಕೇಳಿ" ಎಂದರೆ ಅದು ಅಂದಿಗೆ ಅವರಿಗೆ 750 ಕಿಲೋ. ಆದ್ದರಿಂದ, "ದಿನಕ್ಕೊಂದು ಪರಲೋಕ ಮಂತ್ರವನ್ನು ಅಣ್ಣನ ಹೆಸರಿನಲ್ಲಿ ಹೇಳಿ" ಎಂದೆ. ಗೊಣಗಿಕೊಂಡೇ ಒಪ್ಪಿದರು. ಮರುವರ್ಷ ಮೃತರ ಸ್ಮರಣೆಯ ದಿನ ಬೆಳಿಗ್ಗೆ ಸಮಾಧಿಗಳನ್ನು ಆಶೀರ್ವದಿಸುತ್ತಾ ಹೋದಾಗ ನೋಡುತ್ತೇನೆ, ತಂದೆಯ ಸಮಾಧಿಯ ಆಚೆ ಅಣ್ಣ, ಈಚೆ ತಮ್ಮ. ಮಾತಿಲ್ಲ. ಅಣ್ಣನ ಮೇಣದಬತ್ತಿ ಗಾಳಿಗೆ ಆರಿತು. ತಮ್ಮ ಬಗ್ಗಿ ತನ್ನ ಬತ್ತಿಯಿಂದ ಹಚ್ಚಿಕೊಟ್ಟರು. ಸೈಟಿನ ವ್ಯಾಜ್ಯ ಅಂದೇ ಮುಗಿಯಲಿಲ್ಲ. ಆದರೆ ಆಮೇಲೆ ಆ ಎರಡು ಮನೆಗಳ ನಡುವೆ ಮಾತು ಶುರುವಾಯಿತು.

ನಾಳೆ ನಾವೂ ಸಮಾಧಿಗಳಿಗೆ ಹೋಗುತ್ತೇವೆ. ಹೋಗುವ ಮೊದಲು, ಸ್ವರ್ಗದಲ್ಲಿ ನಿಮ್ಮ ಪಕ್ಕ ಯಾರಿದ್ದರೆ ನಿಮಗೆ ಕಷ್ಟವಾಗುತ್ತದೆ ಎಂದು ನೆನೆದು ನೋಡಿ. ಆ ಹೆಸರಿನಲ್ಲಿ ಇಂದು ರಾತ್ರಿ ಒಂದು ಪರಲೋಕ ಮಂತ್ರ ಹೇಳಿ. ಇಂದಿನ ಮೂಟೆ ಅಷ್ಟೇ. ನಾಳೆಯ ಭಾರಕ್ಕೆ ನಾಳೆ ದೇವರು ಬಲ ಕೊಡುತ್ತಾರೆ. ಹೀಗೆ ನಡೆದು ನಡೆದು ನಾವೂ ಒಂದು ದಿನ ಆ ಮಹಾಸಮೂಹವನ್ನು ಸೇರುವಂತಾಗಲಿ. ಮಾತೆ ಮರಿಯಮ್ಮನವರೂ ಸಕಲ ಸಂತರೂ ನಮಗಾಗಿ ಪ್ರಾರ್ಥಿಸಲಿ. ಆಮೆನ್.